ಗೋಂದು ಅಂಟಿದ ಕೈಗಳು

ಮೀಲಾದ್ ಹತ್ತಿರ ಬಂತೆಂದರೆ ಮದ್ರಸದ ಜಗಲಿಯಲ್ಲಿ ಮೈದಾ ಗೋಂದಿನ ವಾಸನೆ ಬರುತ್ತಿದ್ದ ಕಾಲವೊಂದಿತ್ತು. ದೊಡ್ಡ ಹುಡುಗರು ಬಣ್ಣದ ಕಾಗದವನ್ನು ಮೂರು ಮೂಲೆಯಾಗಿ ಕತ್ತರಿಸುವುದು, ಸಣ್ಣವರು ಹುರಿಗೆ ಗೋಂದು ಸವರುವುದು, ಉಸ್ತಾದರು ನಡುನಡುವೆ ಬಂದು "ಕಾಗದ ಹಾಳು ಮಾಡಬೇಡಿ ಮಕ್ಕಳೇ" ಎಂದು ಗದರುವುದು. ಇಶಾ ನಮಾಝ್ ಮುಗಿದ ಮೇಲೆ ಕಂಬದಿಂದ ಕಂಬಕ್ಕೆ ತೋರಣ ಕಟ್ಟಿದರೆ ಮರುದಿನ ಬೆಳಿಗ್ಗೆ ಗಾಳಿಗೆ ಅದು ಪಟಪಟ ಎನ್ನುತ್ತಿತ್ತು. "ಮಸೀದಿಗೆ ನಾನೂ ಏನೋ ಮಾಡಿದೆ" ಎಂಬ ಭಾವ ನಮ್ಮಲ್ಲಿ ಎಷ್ಟೋ ಜನರಿಗೆ ಮೊದಲ ಬಾರಿಗೆ ಬಂದದ್ದು ಹಾಗೆ, ಗೋಂದು ಅಂಟಿದ ಕೈಗಳಿಂದ.

ಈಗ ಆ ಕೆಲಸ ಯಾರಿಗೂ ಬೇಡ. ಅಂಗಡಿಗೆ ಹೋದರೆ ಮಿನುಗುವ ಪ್ಲಾಸ್ಟಿಕ್ ತೋರಣ ಸುರುಳಿಗಟ್ಟಲೆ ಸಿಗುತ್ತದೆ. ಅರ್ಧ ಗಂಟೆಯಲ್ಲಿ ಬೀದಿಯೆಲ್ಲ ಸಿಂಗಾರ. ಹಬ್ಬ ಕಳೆದ ಮೇಲೆ ಬಿಚ್ಚುವವರಿಲ್ಲ. ಒಂದು ಮಳೆ ಬಂದರೆ ಅದೆಲ್ಲ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ಪ್ಲಾಸ್ಟಿಕ್ ತೋರಣ, ಬ್ಯಾನರ್, ಬಾವುಟಗಳನ್ನು ನಮ್ಮ ರಾಜ್ಯ ಸರಕಾರ 2016ರಲ್ಲೇ ನಿಷೇಧಿಸಿದೆ. ಪ್ಲಾಸ್ಟಿಕ್ ಬಾವುಟ ಮತ್ತು ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ಇಡೀ ದೇಶದಲ್ಲೇ ನಿಷಿದ್ಧ. ಶುಚಿತ್ವವನ್ನು ಈಮಾನಿನ ಭಾಗವೆಂದು ಕಲಿತ ನಾವು, ಪ್ರವಾದಿಯವರ ಜನ್ಮದಿನದ ಹೆಸರಿನಲ್ಲಿ ತೋಡು ಕಟ್ಟಿಸುವುದು ಯಾವ ಲೆಕ್ಕ?

ಆದರೆ ಇವತ್ತು ನಾವು ಹೇಳಹೊರಟದ್ದು ಪ್ಲಾಸ್ಟಿಕ್ಕಿನ ವಿಷಯ ಮಾತ್ರ ಅಲ್ಲ. ಆ ಗೋಂದಿನ ಕೈಗಳ ವಿಷಯ.

ನಮ್ಮ ಕೆಲವು ಮನೆಗಳಲ್ಲಿ ತಾಯಂದಿರು, ಹೆಣ್ಣುಮಕ್ಕಳು ಮತ್ತೆ ಕಾಗದ ಹಿಡಿದು ಕೂತಿದ್ದಾರೆ. ರಮಝಾನಿಗೆ ಕಾಗದದ ದೀಪದ ಗೂಡು, ಪೆರ್ನಾಲಿಗೆ ಶುಭಾಶಯದ ಕಾರ್ಡು, ಮಕ್ಕಳಿಗೆ ಹಣ ಹಾಕಿ ಕೊಡಲು ಬಣ್ಣದ ಲಕೋಟೆ, ಗೋಡೆಗೆ ಕತ್ತರಿಸಿದ ಹೂಬಳ್ಳಿ. ಚೆನ್ನಾಗಿಯೇ ಮಾಡುತ್ತಾರೆ. ಆದರೆ ಮನೆಗೆ ನೆಂಟರು ಬಂದರೆ ಕತ್ತರಿ, ಕಾಗದ ಎಲ್ಲ ಮಂಚದ ಅಡಿಗೆ ಹೋಗುತ್ತದೆ. ಯಾಕೆಂದರೆ ಬಂದವರು ಒಂದು ಮಾತು ಹೇಳಿಯೇ ಹೇಳುತ್ತಾರೆ: "ನಿನಗೆ ಬೇರೆ ಕೆಲಸ ಇಲ್ವಾ? ಇದೆಲ್ಲ ಟೈಂಪಾಸ್." ಗಂಡಸರು ಸಂಜೆಯಿಡೀ ಮೊಬೈಲ್ ನೋಡುತ್ತಾ ಕೂತರೆ ಅದನ್ನು ಯಾರೂ ಟೈಂಪಾಸ್ ಅನ್ನುವುದಿಲ್ಲ. ಹೆಣ್ಣೊಬ್ಬಳು ಒಂದು ಗಂಟೆ ಕಾಗದ ಮಡಚಿದರೆ ಮಾತ್ರ ಅದು ಕೆಲಸ ಇಲ್ಲದವರ ಕೆಲಸ!

ಕಾಗದದ ಕೆಲಸವನ್ನು ಹಗುರವಾಗಿ ಕಾಣುವವರು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. 'ಕಾಗದ' ಎಂಬ ಪದವೇ ಪರ್ಶಿಯನ್ನಿನ 'ಕಾಗಝ್'ನಿಂದ ಕನ್ನಡಕ್ಕೆ ಬಂದದ್ದು. ಅಂಗಡಿಯವರು ಹೇಳುವ 'ಒಂದು ರೀಮ್ ಕಾಗದ'ದ ರೀಮ್ ಕೂಡ ಮೂಲದಲ್ಲಿ ಅರಬಿಯ 'ರಿಝ್ಮ', ಎಂದರೆ ಕಟ್ಟು. ಕಾಗದ ಮಾಡಲು ಮೊದಲು ಕಲಿತವರು ಚೀನೀಯರು, ನಿಜ. ಆದರೆ ಅದನ್ನು ಎಂಟನೇ ಶತಮಾನದಲ್ಲಿ ಸಮರ್ಕಂದದಿಂದ ಬಗ್ದಾದಿಗೆ, ಮುಂದೆ ದಮಾಸ್ಕಸ್, ಕೈರೋ, ಫೆಝ್ ದಾಟಿಸಿ ಸ್ಪೇನಿನವರೆಗೆ ಮುಟ್ಟಿಸಿದ್ದು ಮುಸ್ಲಿಮ್ ಜಗತ್ತು. ಬಗ್ದಾದಿನಲ್ಲಿ ಕಾಗದ ಮಾರುವವರಿಗೆ, ಪುಸ್ತಕ ನಕಲು ಮಾಡಿ ಮಾರುವವರಿಗೆ 'ವರ್ರಾಕ್' ಎಂಬ ಹೆಸರಿತ್ತು, ಅವರದ್ದೇ ಒಂದು ಪೇಟೆ ಇತ್ತು. ತನ್ನ ಕಾಲದ ಅರಬಿ ಗ್ರಂಥಗಳ ಪಟ್ಟಿ 'ಅಲ್-ಫಿಹ್ರಿಸ್ತ್' ಬರೆದ ಇಬ್ನ್ ನದೀಮ್ ಅಂಥ ಪುಸ್ತಕ ವ್ಯಾಪಾರಿಯೇ. ಇಂದು ಎಷ್ಟೋ ಗ್ರಂಥಗಳ ಹೆಸರಾದರೂ ನಮಗೆ ಗೊತ್ತಿರುವುದು ಆ ಪಟ್ಟಿಯಿಂದ. ಕುರ್‌ಆನಿನಲ್ಲಿ ಲೇಖನಿಯ ಹೆಸರಿನ ಒಂದು ಸೂರಃವೇ ಇದೆ. ಬರೆಯುವ ಹಾಳೆಗೆ 'ಕಿರ್ತಾಸ್' ಎಂಬ ಪದ ಸೂರಃ ಅಲ್-ಅನ್ಆಮ್‌ನಲ್ಲಿ ಬರುತ್ತದೆ. ಹಾಳೆಗೂ ಲೇಖನಿಗೂ ಇಷ್ಟು ಬೆಲೆ ಇರುವ ಸಮುದಾಯ ನಮ್ಮದು.

ಬರವಣಿಗೆಯಷ್ಟೇ ಅಲ್ಲ, ಕಾಗದದಲ್ಲೇ ಕಲೆ ಬೆಳೆಯಿತು. ಉಸ್ಮಾನಿಯರ ಕಾಲದ ಇಸ್ತಾಂಬುಲಿನಲ್ಲಿ ಸಣ್ಣ ಚೂರಿಯಿಂದ ಅಕ್ಷರ, ಹೂವುಗಳನ್ನು ಕತ್ತರಿಸಿ ಬೇರೆ ಬಣ್ಣದ ಹಾಳೆಗೆ ಅಂಟಿಸುವ ಕುಶಲಕರ್ಮಿಗಳಿದ್ದರು. ಮಂದ ಮಾಡಿದ ನೀರಿನ ಮೇಲೆ ಬಣ್ಣ ತೇಲಿಸಿ, ಅದರ ಮೇಲೆ ಹಾಳೆ ಇಟ್ಟು ಎತ್ತುವ 'ಎಬ್ರು' ಕಲೆಯನ್ನು ಯುನೆಸ್ಕೋ 2014ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮದೇ ದೇಶದ ಕಾಶ್ಮೀರದಲ್ಲಿ ರದ್ದಿ ಕಾಗದವನ್ನು ನೆನೆಸಿ, ಕುಟ್ಟಿ, ಗಂಜಿಯ ಅಂಟು ಬೆರೆಸಿ, ಅಚ್ಚಿಗೆ ಹಾಕಿ ಪೆಟ್ಟಿಗೆ, ಹೂದಾನಿ ಮಾಡುವ ಕುಟುಂಬಗಳು ಇಂದಿಗೂ ಇವೆ. ಜೀವಿಗಳ ಚಿತ್ರದ ಬಗ್ಗೆ ವಿದ್ವಾಂಸರು ತೋರಿದ ಎಚ್ಚರ ಕಲೆಯನ್ನು ನಿಲ್ಲಿಸಲಿಲ್ಲ. ಬಳ್ಳಿ, ನಕ್ಷತ್ರ, ಅಕ್ಷರಗಳ ಕಡೆಗೆ ತಿರುಗಿಸಿತು.

ಇನ್ನು ನಮ್ಮೂರಿಗೆ ಬನ್ನಿ. ಬ್ಯಾರಿ ಹೆಣ್ಣುಮಕ್ಕಳಿಗೆ ಕತ್ತರಿ ಹೊಸದೇನಲ್ಲ. ಬೀಡಿ ಎಲೆಯನ್ನು ನೆನೆಸಿ, ಅಳತೆಯ ತುಂಡು ಇಟ್ಟು, ಒಂದು ಕೂದಲೆಳೆ ಆಚೀಚೆ ಆಗದಂತೆ ಕತ್ತರಿಸಿ, ಮಡಿಲಲ್ಲಿ ಮೊರ ಇಟ್ಟು ಸುರುಟಿದ ಕೈಗಳು ಅವು. ಆ ಕೈಗಳ ದುಡಿಮೆಯಲ್ಲಿ ಮಕ್ಕಳ ಶಾಲೆಯ ಫೀಸು ಕಟ್ಟಿದೆ, ಮದುವೆಗಳು ನಡೆದಿವೆ. ಆದರೆ ಆ ಕೈಚಳಕಕ್ಕೆ ಸಿಕ್ಕ ಲೆಕ್ಕ ಒಂದೇ: ಸಾವಿರಕ್ಕೆ ಎಷ್ಟು? ಅಂಥ ತಾಯಿಯ ಮಗಳೋ ಮೊಮ್ಮಗಳೋ ಇಂದು ಕತ್ತರಿ ಹಿಡಿದು, ಯಾರೂ ಲೆಕ್ಕ ಕೇಳದ, ಯಾರಿಗೂ ಒಪ್ಪಿಸಬೇಕಿಲ್ಲದ ಒಂದು ಹೂವು ಕತ್ತರಿಸಿದರೆ ನಾವು ನಗಬೇಕೋ, ಸಂತೋಷಪಡಬೇಕೋ? ಎಲ್ಲದಕ್ಕೂ "ಇದರಿಂದ ಎಷ್ಟು ಸಿಗುತ್ತದೆ" ಎಂದು ಕೇಳುವ ಚಟ ನಮಗುಂಟು. ಮನಸ್ಸಿಗೆ ಸಿಗುವ ಸಮಾಧಾನವೂ ಒಂದು ಬರಕತ್ತು ಎಂದು ಒಪ್ಪಲು ಯಾಕೆ ಕಷ್ಟ?

ಕಾಗದಕ್ಕೆ ನಮ್ಮ ಮಾತಿನಲ್ಲಿ ಇನ್ನೊಂದು ಅರ್ಥವೂ ಉಂಟು. ಗಲ್ಫಿನಿಂದ ಕಾಗದ ಬಂತು ಅಂದರೆ ಪತ್ರ ಬಂತು ಎಂದು. ಓದು ಬಾರದ ಉಮ್ಮಂದಿರು ಅದನ್ನು ಪಕ್ಕದ ಮನೆಯ ಹುಡುಗನಿಂದ ಮೂರು ಮೂರು ಸಲ ಓದಿಸಿ, ಮತ್ತೆ ಮಡಚಿ ಕಪಾಟಿನಲ್ಲಿ ಬಟ್ಟೆಯ ಅಡಿಗೆ ಇಡುತ್ತಿದ್ದರು. ಇಂದು ದಮ್ಮಾಮಿನಲ್ಲಿರುವ ತಂದೆಯ ಮುಖವನ್ನು ಮಗು ದಿನಾ ಮೊಬೈಲಿನಲ್ಲಿ ನೋಡುತ್ತದೆ. ಅದು ದೊಡ್ಡ ಅನುಗ್ರಹವೇ. ಆದರೆ ಪೆರ್ನಾಲ್ ದಿನ ಬರುವ ನೂರು 'ಈದ್ ಮುಬಾರಕ್' ಚಿತ್ರಗಳಲ್ಲಿ ಯಾರ ಕೈ ಉಂಟು? ಒಬ್ಬರು ಕಳಿಸಿದ್ದನ್ನೇ ಇನ್ನೊಬ್ಬರಿಗೆ ದೂಡುವುದು, ಸಂಜೆಗೆ ಎಲ್ಲ ಅಳಿಸುವುದು. ರಜೆ ಮುಗಿಸಿ ಹೊರಟ ತಂದೆಯ ಪೆಟ್ಟಿಗೆಯಲ್ಲಿ ಮಗಳು ಕೈಯಾರೆ ಮಾಡಿದ ಒಂದು ಓರೆಕೋರೆ ಕಾರ್ಡು ಇದ್ದರೆ ಅದು ಅವರ ರೂಮಿನ ಗೋಡೆಯಲ್ಲಿ ವರ್ಷವಿಡೀ ಇರುತ್ತದೆ. ಉಡುಗೊರೆ ಪ್ರೀತಿಯನ್ನು ಬೆಳೆಸುತ್ತದೆ ಎಂದು ಹದೀಸ್ ನಮಗೆ ಕಲಿಸಿದೆ. ಅದು ಬೆಲೆಬಾಳುವ ಉಡುಗೊರೆಯೇ ಆಗಬೇಕೆಂದಿಲ್ಲವಲ್ಲ.

ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ಒಂದು ಸುಲಭದ ದಾರಿ. ಒಂದೇ ಅಳತೆಯ, ಬೇರೆ ಬೇರೆ ಬಣ್ಣದ ಎರಡು ಚೌಕ ಕಾಗದ ಕತ್ತರಿಸಿ. ಒಂದರ ಮೇಲೆ ಇನ್ನೊಂದನ್ನು ಓರೆಯಾಗಿಟ್ಟು, ಮೇಲಿನದರ ಮೂಲೆಗಳು ಕೆಳಗಿನದರ ಬದಿಗಳ ನಡುವಿನಿಂದ ಹೊರಚಾಚುವಂತೆ ಅಂಟಿಸಿ. ಎಂಟು ಮೂಲೆಯ ನಕ್ಷತ್ರ ತಯಾರು. ಮದೀನಾದಲ್ಲಿ ಮುದ್ರಿತವಾದ ಮುಸ್‌ಹಫ್ ಮನೆಯಲ್ಲಿದ್ದರೆ ಮಕ್ಕಳಿಗೆ ಬಿಡಿಸಿ ತೋರಿಸಿ. ಹಿಝ್ಬಿನ ಪ್ರತಿ ಕಾಲು ಭಾಗವನ್ನು ತೋರಿಸಲು ಇಂಥದ್ದೇ ಗುರುತು ಇರುತ್ತದೆ. 30 ಜುಝ್ಅ್, 60 ಹಿಝ್ಬ್, 240 ಕಾಲು ಭಾಗ. ಬಾಯಿಪಾಠಕ್ಕೆ ಬಗ್ಗದ ಲೆಕ್ಕ ನಕ್ಷತ್ರ ಅಂಟಿಸುತ್ತಾ ತಲೆಗೆ ಹೋಗುತ್ತದೆ. ರಮಝಾನಿಗೆ 30 ಪುಟ್ಟ ಲಕೋಟೆ ಮಾಡಿ ಗೋಡೆಗೆ ಅಂಟಿಸಿ, ಪ್ರತಿಯೊಂದರಲ್ಲೂ ಒಂದು ಚೀಟಿ: ಇವತ್ತು ಪಕ್ಕದ ಮನೆಗೆ ತಿಂಡಿ ಕೊಡುವುದು, ನಾಳೆ ಅಜ್ಜಿಯ ಕಾಲು ಒತ್ತುವುದು, ನಾಡಿದ್ದು ಸದಕದ ಡಬ್ಬಿಗೆ ಐದು ರೂಪಾಯಿ. ನೋಂಬಿನ ದಿನ ಮಗು ಬೆಳಿಗ್ಗೆ ಎದ್ದು ಮೊದಲು ಓಡುವುದು ಆ ಗೋಡೆಗೆ.

ಇದಕ್ಕೆಲ್ಲ ಹೊಸ ಕಾಗದವೂ ಬೇಡ. ಮದುವೆ ಕಾಗದ ನಮ್ಮ ಮನೆಗಳಲ್ಲಿ ರಾಶಿ ಬೀಳುತ್ತದೆ. ದಪ್ಪ ಹಾಳೆ, ಚಿನ್ನದ ಅಂಚು, ಹಿಂಬದಿ ಪೂರಾ ಖಾಲಿ. ಆದರೆ ಒಂದು ಅದಬು ಮರೆಯಬಾರದು. ಹೆಚ್ಚಿನ ಮದುವೆ ಕಾಗದದ ಮೇಲ್ಗಡೆ ಬಿಸ್ಮಿ, ಆಯತ್ತು ಮುದ್ರಿಸಿರುತ್ತಾರೆ. ಆ ಭಾಗವನ್ನು ಮೊದಲು ಬೇರೆ ತೆಗೆದು ಜೋಪಾನ ಮಾಡಿ. ಅದನ್ನು ಏನು ಮಾಡಬೇಕೆಂದು ಉಸ್ತಾದರನ್ನು ಕೇಳಿ. ಹಾಗೆಯೇ, ನಾಳೆ ಬಿಚ್ಚಿ ಬಿಸಾಡುವ ತೋರಣದಲ್ಲಿ ಅಲ್ಲಾಹನ ಹೆಸರು, ಪ್ರವಾದಿಯವರ ಹೆಸರು ಬರೆಯುವುದು ಬೇಡ. ಪವಿತ್ರ ಅಕ್ಷರ ಮನೆಯ ಗೋಡೆಯಲ್ಲಿ ಜೋಪಾನವಾಗಿರಲಿ, ಬೀದಿಗೆ ನಕ್ಷತ್ರ, ಹೂವು ಸಾಕು. ಹವ್ಯಾಸದ ಹೆಸರಿನಲ್ಲಿ ದುಬಾರಿ ಕಿಟ್, ಮಿನುಗು ಪುಡಿ ತರಿಸಿ ದುಂದು ಮಾಡುವುದೂ ಬೇಡ. ಆ ಮಿನುಗು ಪುಡಿಯೂ ಹೆಚ್ಚಾಗಿ ಪ್ಲಾಸ್ಟಿಕ್ಕೇ. ಬಾಂಗ್ ಕೇಳಿದಾಗ ಕತ್ತರಿ ಕೆಳಗಿಡುವ ಅಭ್ಯಾಸ ಮಕ್ಕಳಿಗೆ ಆದರೆ ಅದೂ ಒಂದು ಪಾಠ.

ಜಮಾಅತ್ ಕಮಿಟಿಗಳಲ್ಲಿ ನಮ್ಮದೊಂದು ವಿನಂತಿ. ಈ ಸಲ ತೋರಣಕ್ಕೆಂದು ತೆಗೆದಿಟ್ಟ ಹಣದ ಒಂದು ಪಾಲನ್ನು ಬಣ್ಣದ ಕಾಗದ, ಹುರಿ, ಗೋಂದಿಗೆ ಕೊಡಿ. ಮದ್ರಸದಲ್ಲಿ ವಾರಕ್ಕೆ ಒಂದು ಗಂಟೆ ಗಂಡು, ಹೆಣ್ಣು ಎರಡೂ ಮಕ್ಕಳಿಗೆ ಬಿಟ್ಟುಕೊಡಿ. "ಮೀಲಾದ್ ಈಗ ಮಳೆಗಾಲದಲ್ಲಿ ಬರುತ್ತದೆ, ಕಾಗದ ನಿಲ್ಲುತ್ತದಾ ಮಾರಾಯ್ರೆ?" ಎಂದು ಕೇಳಬಹುದು. ನ್ಯಾಯದ ಪ್ರಶ್ನೆಯೇ. ಹೊರಗೆ ಬಟ್ಟೆಯ ತೋರಣ ಕಟ್ಟಿ, ಒಗೆದು ಮುಂದಿನ ವರ್ಷಕ್ಕೆ ಇಡಬಹುದು. ಒಳಗಿನ ಜಗಲಿ, ಮದ್ರಸದ ಕೋಣೆ ಕಾಗದಕ್ಕಿರಲಿ.

ಮನೆಯವರಲ್ಲಿ ಇನ್ನೂ ಸಣ್ಣ ವಿನಂತಿ. ಮುಂದಿನ ಸಲ ಮನೆಗೆ ನೆಂಟರು ಬಂದಾಗ ಆ ಕತ್ತರಿ, ಕಾಗದ ಮಂಚದ ಅಡಿಗೆ ಹೋಗದಿರಲಿ. ಮೇಜಿನ ಮೇಲೆಯೇ ಇರಲಿ. ಬಂದವರು ಟೈಂಪಾಸ್ ಎಂದರೆ ಅವರ ಕೈಗೂ ಒಂದು ಚೌಕ ಕಾಗದ ಕೊಡಿ.