ಹಾಲು ಕರೆಯುವವರ ಬೆನ್ನಿಗೂ ಆರೈಕೆ ಬೇಕು

ಹಸುವಿಗೆ ಕೆಚ್ಚಲು ಬಾವು ಕಂಡರೆ ಅದೇ ದಿನ ಪಶುವೈದ್ಯರಿಗೆ ಕರೆ ಹೋಗುತ್ತದೆ. ಹಾಲು ಕರೆಯುವ ಹೆಣ್ಣುಮಗಳ ಸೊಂಟ ಹಿಡಿದರೆ ಮಾತ್ರ ನೋವಿನೆಣ್ಣೆ, ಮಾತ್ರೆಯಲ್ಲೇ ತಿಂಗಳುಗಳು ಕಳೆಯುತ್ತವೆ. ಇದು ಬದಲಾಗಬೇಕು.

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂಥ ಡಿಸ್ಕ್‌ಗಳಿವೆ. ಹೊರಗೆ ಗಟ್ಟಿ ನಾರಿನ ಬಳೆ, ಒಳಗೆ ಲೋಳೆಯಂಥ ತಿರುಳು. ಬಳೆ ಬಿರಿದಾಗ ತಿರುಳು ಹೊರಚಾಚಿ ನರವನ್ನು ಕೆಣಕುತ್ತದೆ. ನೋವು ಸೊಂಟದಿಂದ ತೊಡೆ, ಮೀನಖಂಡ, ಪಾದದವರೆಗೂ ಇಳಿಯುತ್ತದೆ. ‘ಡಿಸ್ಕ್ ಜಾರಿದೆ’ ಎನ್ನುವುದು ಬರೀ ಮಾತು. ಅದು ಜಾರುವ ವಸ್ತುವಲ್ಲ. ತಿಕ್ಕಿ, ಎಳೆದು ಕೂರಿಸಲು ಹೋಗಬೇಡಿ.

ವಯಸ್ಸಿನ ಜೊತೆಗೆ ನಮ್ಮ ಕೆಲಸದ ರೀತಿಯೂ ಇದಕ್ಕೆ ಕಾರಣ. ದಿನಕ್ಕೆರಡು ಸಲ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುತ್ತೇವೆ, ಬಗ್ಗಿ ಸಗಣಿ ಬಾಚುತ್ತೇವೆ, ಸೊಂಟ ತಿರುಗಿಸಿ ಮೇವಿನ ಹೊರೆ ಎತ್ತುತ್ತೇವೆ. 40 ಲೀಟರ್ ಕ್ಯಾನ್ ತುಂಬಿದರೆ ಹಾಲೇ ಸುಮಾರು 41 ಕಿಲೋ, ಕ್ಯಾನಿನ ತೂಕ ಬೇರೆ.

ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ನೋವು ತಗ್ಗುತ್ತದೆ. ಎಷ್ಟೋ ಸಲ ಹೊರಚಾಚಿದ ತಿರುಳು ತಾನಾಗಿಯೇ ಕುಗ್ಗುತ್ತದೆ. ಸ್ಕ್ಯಾನ್‌ನಲ್ಲಿ ಡಿಸ್ಕ್ ಉಬ್ಬು ಕಂಡಿತೆಂದು ಹೆದರಬೇಕಿಲ್ಲ. ನೋವೇ ಇಲ್ಲದ ಅನೇಕರಲ್ಲೂ ಅದು ಕಾಣುತ್ತದೆ. ಫಿಸಿಯೋಥೆರಪಿಸ್ಟ್ ಪರೀಕ್ಷಿಸಿ ನಿಮಗೆ ಹೊಂದುವ ವ್ಯಾಯಾಮ ಕಲಿಸುತ್ತಾರೆ. ಕೆಲವರಿಗೆ ಬೋರಲು ಮಲಗಿ ಎದೆ ಎತ್ತುವುದು ಒಗ್ಗುತ್ತದೆ, ಕೆಲವರಿಗೆ ಒಗ್ಗುವುದಿಲ್ಲ. ಕಾಲಿನ ನೋವು ಮೇಲೇರಿ ಸೊಂಟಕ್ಕೆ ಸೀಮಿತವಾದರೆ ಒಳ್ಳೆಯ ಲಕ್ಷಣ. ಕೆಳಕ್ಕೆ ಇಳಿದರೆ ಆ ವ್ಯಾಯಾಮ ನಿಲ್ಲಿಸಿ ಅವರನ್ನು ಕೇಳಿ. ನೋವು ಕಡಿಮೆಯಾಯಿತೆಂದು ನಾಲ್ಕೇ ದಿನಕ್ಕೆ ಬಿಟ್ಟರೆ ಫಲವಿಲ್ಲ.

“ಹಸು ಕಾಯುತ್ತದೆಯೇ? ನಾನು ಮಲಗಿದರೆ ಹಾಲು ಕರೆಯುವವರಾರು?” ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ವಾರಗಟ್ಟಲೆ ಮಲಗಬೇಕಿಲ್ಲ. ಒಂದೆರಡು ದಿನದ ನಂತರ ತಾಳುವಷ್ಟು ನಡೆದಾಡುವುದೇ ಒಳ್ಳೆಯದು. ಬೇಕಿರುವುದು ಕೆಲಸದ ಹಂಚಿಕೆ. ಕೆಲವು ವಾರ ಮನೆಯ ಉಳಿದವರು ಎತ್ತುವ, ಬಗ್ಗುವ ಕೆಲಸ ವಹಿಸಿಕೊಳ್ಳಲಿ. ಒಂದು ದೊಡ್ಡ ಬಕೆಟ್ ಬದಲು ಎರಡು ಚಿಕ್ಕವು, ಕೂರಲು ಮಣೆ, ಉದ್ದ ಹಿಡಿಯ ಸಲಿಕೆ, ಕ್ಯಾನಿಗೆ ಇಬ್ಬರ ಕೈ — ಇವಕ್ಕೆ ಹೆಚ್ಚು ಖರ್ಚಿಲ್ಲ.

ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಅಲ್ಲಿ ವ್ಯಾಯಾಮ ಮದ್ದಲ್ಲ.

ನಮ್ಮ ಸಂಘಗಳೂ ಒಂದು ಹೆಜ್ಜೆ ಇಡಲಿ. ರಾಸುಗಳ ಆರೋಗ್ಯ ಶಿಬಿರದ ದಿನವೇ ಒಬ್ಬ ಫಿಸಿಯೋಥೆರಪಿಸ್ಟ್ ಅವರನ್ನು ಕರೆಸಲಿ. ಕ್ಯಾನ್ ನೆಲದಿಂದ ಎತ್ತುವ ಕಡೆ ಸೊಂಟದೆತ್ತರದ ಕಟ್ಟೆ ಕಟ್ಟಿಸಲಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಹಾಲಿನ ದರದ ಜೊತೆಗೆ ಈ ಮಾತನ್ನೂ ಸದಸ್ಯರು ಎತ್ತಬೇಕು.