ನಮ್ಮ ಬಾಯಿ ಹೊಲಸಲ್ಲ



"ಹೊಲಸು ಬಾಯಿ" ಎಂಬ ಬೈಗುಳ ನಮ್ಮ ಕೇರಿಗಳಿಗೆ ಹೊಸದಲ್ಲ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಕೊರಳಿಗೆ ಮಡಕೆ ಕಟ್ಟಿಕೊಂಡು ಓಡಾಡಬೇಕಿತ್ತು. ಅವರ ಉಗುಳು ನೆಲಕ್ಕೆ ಬಿದ್ದರೆ ಮೇಲಿನವರಿಗೆ ಮೈಲಿಗೆ! ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇದನ್ನು ಬರೆದಿದ್ದಾರೆ. ನಮ್ಮ ಉಗುಳಿಗೂ ಮಡಕೆ ಕಟ್ಟಿದ ಸಮಾಜ ಇದು. ಇದೇ ಸಮಾಜ ಇವತ್ತು ಸುಲೇಪೇಟ, ಚಿಂಚೋಳಿ, ಸೇಡಂ ಕಡೆಯ ಹಾಸ್ಟೆಲ್ ಹುಡುಗರ ಹಲ್ಲು ನೋಡಿ ಮೂಗು ಮುರೀತದ. ಹಂಗಾದ್ರ ಹಲ್ಲಿನ ಮಾತನ್ನ ಬಿಚ್ಚೇ ಆಡೋಣ.

ನಮ್ಮ ಅವ್ವ ಅಪ್ಪ ಯಾತರಿಂದ ಹಲ್ಲು ತಿಕ್ಕಿದರು? ಒಲೆಯ ಬೂದಿ, ಇದ್ದಲಿ, ಇಟ್ಟಂಗಿ ಪುಡಿ, ಉಪ್ಪು, ಬೇವಿನ ಕಡ್ಡಿ. ಹೊತ್ತು ಮೂಡೋ ಮೊದಲೇ ಫರ್ಸಿ ಗಣಿಗೆ, ತೊಗರಿ ಹೊಲಕ್ಕೆ ಹೋಗುವವರಿಗೆ ಕೈಗೆ ಸಿಕ್ಕದ್ದೇ ಹಲ್ಲಪುಡಿ. ಇದು ಕೊಳಕುತನ ಅಲ್ಲ. ರೊಕ್ಕ ಇಲ್ಲದಾಗಲೂ ಬಾಯಿ ಶುಚಿ ಇಡಬೇಕೆಂಬ ಹಟ. ಇದಕ್ಕೆ ನಾಚಬೇಕಾದವರು ನಾವಲ್ಲ.

ಈಗಿನ ಚೋದ್ಯ ನೋಡ್ರಿ. ಇದ್ದಲಿ ಅಂದ್ರ ನಗುತ್ತಿದ್ದ ಪೇಟೆಯವರೇ ಇವತ್ತು ಇದ್ದಲಿ ಹಾಕಿದ ಕರಿ ಪೇಸ್ಟ್ ಮಾರ್ತಾರ. ಬೇವಿಗೂ ಲೇಬಲ್, ಉಪ್ಪಿಗೂ ಲೇಬಲ್. ನಮ್ಮ ಒಲೆಯ ಮುಂದೆ ಇದ್ದಾಗ ಹೊಲಸು, ಅವರ ಅಂಗಡಿಗೆ ಹೋದ ಮ್ಯಾಲ 'ಪುರಾತನ ಜ್ಞಾನ'!

ಹಾಗಂತ ಅಜ್ಜ ಮಾಡಿದ್ದೆಲ್ಲ ಸರಿ ಅನ್ನೋದೂ ಬ್ಯಾಡ. ಅದು ಅವರ ವಾದ, ನಮ್ಮದಲ್ಲ. ನಾವು ಹಳೆಯದನ್ನೂ ಹೊಸದನ್ನೂ ಪರೀಕ್ಷೆಗೆ ಹಚ್ಚುವವರು.

1. ಬೂದಿ, ಇದ್ದಲಿ, ಇಟ್ಟಂಗಿ ಪುಡಿ: ಇವು ಕೊಳೆಯ ಜೊತೆ ಹಲ್ಲಿನ ಮೇಲಿನ ಗಟ್ಟಿ ಪದರನ್ನೂ ಸವೆಸುತ್ತವೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಬಿಟ್ಟುಬಿಡಿ. ಕಂಪನಿಯ ಇದ್ದಲಿಗೂ ಮರುಳಾಗಬೇಡಿ.

2. ಮಿಶ್ರಿ: ತಂಬಾಕು ಹುರಿದು ಪುಡಿ ಮಾಡಿ ಒಸಡಿಗೆ ತಿಕ್ಕುವುದು ಹಲ್ಲುಜ್ಜುವುದಲ್ಲ, ಕ್ಯಾನ್ಸರ್ ಕರೆಯುವುದು. ಪೇಸ್ಟು, ಹಲ್ಲಪುಡಿಯಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರಕಾರ 1992ರಲ್ಲೇ ನಿಷೇಧಿಸಿದೆ. ಗುಟಕಾವನ್ನು ಕರ್ನಾಟಕ ಸರಕಾರ 2013ರಲ್ಲಿ ನಿಷೇಧಿಸಿತು. ನಮ್ಮ ಹಸಿವನ್ನು ಮರೆಸುವ ಈ ವಿಷವನ್ನು ಮನೆಯಿಂದಲೇ ಹೊರಗೆ ಹಾಕೋಣ.

3. ಬೇವಿನ ಕಡ್ಡಿ: ಒಳ್ಳೆಯದೇ. ಕಿರುಬೆರಳಿನಷ್ಟು ದಪ್ಪದ ಹಸಿ ಕಡ್ಡಿಯ ತುದಿ ಜಗಿದು ಕುಂಚದಂತೆ ಮಾಡಿ, ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಮೆಲ್ಲಗೆ ಎಳೆಯಬೇಕು. ಅಡ್ಡಡ್ಡ ಗಸಗಸ ತಿಕ್ಕಿದರೆ ಒಸಡು ಹರಿಯುತ್ತದೆ.

4. ಉಪ್ಪು: ಅರ್ಧ ಚಮಚ ಉಪ್ಪು, ಒಂದು ಲೋಟ ಉಗುರುಬೆಚ್ಚಗಿನ ನೀರು; ಬಾಯಿ ಮುಕ್ಕಳಿಸಿದರೆ ಊದಿದ ಒಸಡಿಗೆ ಹಿತ. ಹುಳುಕು ಹಲ್ಲಿಗೆ ಅದು ಔಷಧವಲ್ಲ.

5. ಮೆತ್ತನೆ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್: ಹುಳುಕು ತಡೆಯಲು ಇದರಷ್ಟು ಗಟ್ಟಿ ಮನೆಮದ್ದು ಇಲ್ಲ. ಅಗ್ಗದ್ದೂ ನಡೀತದ, ಬಟಾಣಿ ಕಾಳಿನಷ್ಟು ಸಾಕು. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವಾಗ ಒಮ್ಮೆ. ಒಬ್ಬರ ಬ್ರಷ್ ಇನ್ನೊಬ್ಬರಿಗೆ ಬೇಡ.

ಇನ್ನೊಂದು ಮಾತು. ಕೆಲವರ ಹಲ್ಲಿನ ಹಳದಿ, ಕಂದು ಕಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಕಲಬುರಗಿ ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಪೇಸ್ಟಿನದನ್ನು ಉಗುಳುತ್ತೇವೆ, ನೀರಿನದನ್ನು ದಿನವೂ ನುಂಗುತ್ತೇವೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅದು ಕುಡಿಯುವ ನೀರಲ್ಲ. ಎಳೆಯ ವಯಸ್ಸಿನಲ್ಲಿ, ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಆ ಕಲೆ ಕೂಡುತ್ತದೆ. ಅದು ಹುಡುಗನ ಸೋಮಾರಿತನದ ಗುರುತಲ್ಲ, ಅವನಿಗೆ ಕುಡಿಸಿದ ನೀರಿನ ಗುರುತು. ಅವನನ್ನು ನಗಬೇಡಿ, ನೀರು ಪರೀಕ್ಷೆ ಮಾಡಿಸಿ ಅಂತ ಪಂಚಾಯ್ತಿಯನ್ನು ಕೇಳಿ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಬೊಗಸೆಯಲ್ಲಿ ಎತ್ತಿ ಕುಡಿದರು. ನೀರಿಲ್ಲದೆ ಯಾವ ಕಡ್ಡಿ, ಯಾವ ಬ್ರಷ್ ಏನು ಮಾಡೀತು? ಹಾಸ್ಟೆಲ್ ನಳದಲ್ಲಿ ನೀರು ಬರಬೇಕು. ಸೋಪು, ಬ್ರಷ್, ಪೇಸ್ಟ್ ತಿಂಗಳಿಗೆ ಸರಿಯಾಗಿ ಕೈಗೆ ಬರಬೇಕು. ತಾಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರು ವರ್ಷಕ್ಕೊಮ್ಮೆಯಾದರೂ ಹಾಸ್ಟೆಲಿಗೆ ಬಂದು ನೋಡಬೇಕು. ಇದು ಭಿಕ್ಷೆಯಲ್ಲ, ಹಕ್ಕು. ಒಬ್ಬೊಬ್ಬರೇ ಗೊಣಗಬೇಡಿ, ಎಲ್ಲರೂ ಸಹಿ ಹಾಕಿ ಅರ್ಜಿ ಕೊಡಿ, ಅರ್ಜಿಯ ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ಮಡಕೆ ಕಟ್ಟಿದ ಕಾಲ ಹೋಯ್ತು. ಬಾಯಿ ತೊಳೆಯೋಣ. ತೊಳೆದ ಬಾಯಿ ತೆರೆದು ಮಾತಾಡೋಣ.

ಜೈ ಭೀಮ್!