ಹೊಸತೊಡಕಿಗೂ ಥೀಮ್ ಬೇಕಾ?

ಇಲ್ಲಿ ಬರೀದೆ ತುಂಬಾ ದಿನ ಆಗಿತ್ತು. ಆಫೀಸು, ರಿಲೀಸು, ಮತ್ತೆ ಆಫೀಸು... ಆದ್ರೆ ಈ ವಿಷಯ ಬರೀದೇ ಇದ್ರೆ ತಿಂದಿದ್ದು ಅರಗಲ್ಲ ಅನ್ನಿಸ್ತು, ಅದಕ್ಕೇ ಕೂತಿದೀನಿ. ಖಾರ ಸ್ವಲ್ಪ ಜಾಸ್ತಿ ಆದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ, ಮಂಗಳವಾರ ಬಂದಿತ್ತು. ಅದರ ಹಿಂದಿನ ಶನಿವಾರ ಬೆಂಗಳೂರಲ್ಲಿ ಗೆಳೆಯನೊಬ್ಬ ತನ್ನ ಫ್ಲಾಟಿಗೆ ಊಟಕ್ಕೆ ಕರೆದ. ಸುಮ್ನೆ ಊಟ ಅಲ್ಲ ಸ್ವಾಮಿ, ‘ಮಂಡ್ಯ ಥೀಮ್ ಯುಗಾದಿ ಡಿನ್ನರ್’! ಅವನು ನಾಗಮಂಗಲ ತಾಲೂಕಿನವನು, ನಾನು ಪಾಂಡವಪುರದ ಕಡೆಯವನು. ಬಂದಿದ್ದ ಹದಿನೈದು ಜನರಲ್ಲಿ ಕೆ.ಆರ್. ಪೇಟೆಯವನೊಬ್ಬ, ಶ್ರೀರಂಗಪಟ್ಟಣದವನೊಬ್ಬ ಇದ್ರು. ಉಳಿದವರೆಲ್ಲ ಬೇರೆ ಬೇರೆ ಊರಿನವರು.

ಬಾಗಿಲಲ್ಲಿ ರಟ್ಟಿನ ಎತ್ತಿನಗಾಡಿ. ಬಾಲ್ಕನಿಗೆ ಕಬ್ಬಿನ ಜಲ್ಲೆ (ಯುಗಾದಿಗೆ ಕಬ್ಬು ಕಟ್ಟೋದು ಯಾವೂರ ಪದ್ಧತಿಯೋ!). ಎಲ್ಲರಿಗೂ ಪಂಚೆ, ಹೆಗಲಿಗೆ ಟವೆಲ್, ಅಂಟಿಸ್ಕೊಳ್ಳೋ ಮೀಸೆ. ‘ಮಂಡ್ಯ ಭಾಷೆ’ ಮಾತಾಡೋ ಸ್ಪರ್ಧೆ ಬೇರೆ. ನಮ್ಮ ಜಿಲ್ಲೆ ನಾಲ್ಕೂ ಜನ ಸೋತ್ವಿ. ನಮ್ಮ ಮಾತು ಸಾಕಷ್ಟು ಮಂಡ್ಯ ಇರಲಿಲ್ವಂತೆ :)

ಊಟ ಕೇಟರಿಂಗ್‌ನವರದ್ದು. ಬಿಸಿಬೇಳೆಬಾತು, ಗೋಬಿ ಮಂಚೂರಿ, ಲಾಡು ಗಾತ್ರದ ಮುದ್ದೆಗೆ ಸಾಂಬಾರು. ಬಾಡಿಲ್ವೇನೋ ಅಂತ ನಾನು ಮೊದಲೇ ಫೋನಲ್ಲಿ ಕೇಳಿದ್ದೆ.

“ಲೇ, ಹಬ್ಬದ ಪಾರ್ಟಿ ಕಣೋ, ನಾನ್‌ವೆಜ್ ಇಟ್ರೆ ಚೆನ್ನಾಗಿರಲ್ಲ. ಓನರ್‌ಗೆ ಗೊತ್ತಾದ್ರೆ ಮನೆ ಖಾಲಿ ಮಾಡಿಸ್ತಾರೆ.”

ಇದೇ ಮಹಾನುಭಾವ ನಾಲ್ಕು ದಿನ ಬಿಟ್ಟು, ಬುಧವಾರ ಬೆಳಿಗ್ಗೆ ಅವರೂರಲ್ಲಿ ಗುಡ್ಡೆ ಬಾಡಿನ ಮುಂದೆ ಪಾತ್ರೆ ಹಿಡ್ಕೊಂಡು ನಿಂತಿದ್ದ. ಗುರುವಾರ ಆಫೀಸಲ್ಲಿ ಹಬ್ಬಕ್ಕೆ ಏನ್ ಸ್ಪೆಷಲ್ ಅಂದ್ರೆ ‘ಹೋಳಿಗೆ’ ಅಂದ. ಪಕ್ಕದಲ್ಲಿದ್ದ ನಾನೂ ಹೌದೌದು ಹೋಳಿಗೆ ಅಂದೆ. ಬೈಯೋಕೆ ಹೊರಟವನು ಇದನ್ನೂ ಹೇಳ್ಬೇಕಲ್ಲ.

ನನ್ನ ತಕರಾರು ಸಸ್ಯಾಹಾರದ ಮೇಲಲ್ಲ. ಯುಗಾದಿ ದಿನ ನಮ್ಮನೇಲೂ ಬೇವುಬೆಲ್ಲ, ಒಬ್ಬಟ್ಟು, ಅಷ್ಟೆ. ಬಾಡು ಮಾರನೇ ದಿನಕ್ಕೆ. ಅದಕ್ಕೇ ಅದು ಹೊಸತೊಡಕು, ಕೆಲವು ಕಡೆ ವರ್ಷತೊಡಕು. ಆ ದಿನ ಏನು ಮಾಡ್ತೀವೋ ಅದು ವರ್ಷವೆಲ್ಲ ನಡೆಯುತ್ತೆ ಅಂತ ನಂಬಿಕೆ. ಹಬ್ಬದ ಅರ್ಧ ಭಾಗವನ್ನ ತೋರಿಸಿ ಇನ್ನರ್ಧವನ್ನ ಬಚ್ಚಿಟ್ಟು, ಅದಕ್ಕೆ ನಮ್ಮೂರ ಹೆಸರಿಡೋದು ನನ್ನ ತಕರಾರು. ನಮ್ಮ ಪಂಚೆ ಬೇಕು, ಮೀಸೆ ಬೇಕು, ‘ಐತೆ, ಬತ್ತೀನಿ’ ಬೇಕು. ತಟ್ಟೆ ಮಾತ್ರ ಬೇಡ. ಇದ್ಯಾವ ನ್ಯಾಯ?

ತಮಾಷೆಗೆ ಮಾಡಿದ್ದಪ್ಪ, ಬಿಡು ಅಂತೀರಾ? ಬಿಡ್ತಿದ್ದೆ. ಆದ್ರೆ ಅದೇ ವರ್ಷ ಡಿಸೆಂಬರ್ 20ರಿಂದ 22ರವರೆಗೆ 87ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ನಮ್ಮ ಮಂಡ್ಯದಲ್ಲೇ. ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಸಾಲಿಗೇ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಅಂದ್ರು. ಜನ ಬೀದಿಗಿಳಿದು ಬಾಡೂಟ ಕೇಳಿದ್ರು, ಕೊನೇ ದಿನ ಮೊಟ್ಟೆ ಬಂತು. ಮಂಡ್ಯದ ನೆಲದಲ್ಲಿ ಒಂದು ಮೊಟ್ಟೆಗೆ ಇಷ್ಟು ಹೋರಾಟ! ಬಂಡೂರು ಕುರಿಗೆ ಹೆಸರಾದ ಜಿಲ್ಲೆ ರೀ ಇದು. ಆ ನಿಯಮಕ್ಕೂ ನನ್ನ ಗೆಳೆಯನ ಡಿನ್ನರಿಗೂ ಏನು ವ್ಯತ್ಯಾಸ? ಅಲ್ಲಿ ಬೇರೆಯವರು ಬೇಡ ಅಂದ್ರು, ಇಲ್ಲಿ ನಾವೇ ಬೇಡ ಅಂದ್ಕೊಂಡ್ವಿ. ಎರಡನೇದೇ ಹೆಚ್ಚು ನೋವು ಅನ್ನಿಸ್ತು.

ಹಾಗಾಗಿ 2025ರಲ್ಲಿ ನಾನೇ ಎಲ್ಲರನ್ನೂ ಊರಿಗೆ ಕರೆದೆ. ಥೀಮ್ ಇಲ್ಲ, ಮೀಸೆ ಇಲ್ಲ. ಯುಗಾದಿ ಮಾರ್ಚ್ 30, ಭಾನುವಾರ. ಸೋಮವಾರ ನಮ್ಮನೇಲಿ ಬಾಡು ಮಾಡಲ್ಲ, ಹಂಗಾಗಿ ತೊಡಕು ಮಂಗಳವಾರಕ್ಕೆ. ಸೋಮವಾರ ರಂಜಾನ್ ರಜೆ ಇದ್ದೇ ಇತ್ತು, ಒಂದು ದಿನ ಹೆಚ್ಚಿಗೆ ಕೇಳಿದ್ರಾಯ್ತು. ಮ್ಯಾನೇಜರ್ ‘ಯಾವ ಹಬ್ಬ ಇದು?’ ಅಂದ್ರು. ‘ಹೊಸತೊಡಕು, ಸರ್, ಬಾಡು ತಿನ್ನೋ ಹಬ್ಬ’ ಅಂದೆ. ನಕ್ಕು ರಜೆ ಕೊಟ್ರು. ಇಷ್ಟು ವರ್ಷ ಹೆದರಿದ್ದು ಇದಕ್ಕಾ ಅಂತ ನನಗೇ ನಾಚಿಕೆ ಆಯ್ತು.

ಬೆಳಿಗ್ಗೆ ಆರಕ್ಕೆ ಎಲ್ಲರನ್ನೂ ಎಬ್ಬಿಸಿ ಹುಣಸೆಮರದ ಕೆಳಗೆ ಕರ್ಕೊಂಡು ಹೋದೆ. ನಮ್ಮೂರಲ್ಲಿ ಕೆಲವು ಮನೆಯವರು ಸೇರಿ ವರ್ಷವೆಲ್ಲ ತಿಂಗಳು ತಿಂಗಳು ಚೀಟಿ ಕಟ್ತಾರೆ. ಆ ದುಡ್ಡಲ್ಲಿ ಕುರಿ ತಂದು, ಎಷ್ಟು ಮನೆಯೋ ಅಷ್ಟು ಗುಡ್ಡೆ. ತಕ್ಕಡಿ ಇಲ್ಲ, ಕಣ್ಣಳತೆ. ಪ್ರತಿ ಗುಡ್ಡೆಗೂ ಈಲಿ, ಬೋಟಿ, ಮೂಳೆ, ಕೊಬ್ಬು ಸಮ ಬೀಳ್ಬೇಕು. ತಲೆಕಾಲು ಬೇರೆ ಲೆಕ್ಕ. ಪಾಲು ಹಾಕಿದವನು ಕೊನೆಗೆ ಉಳಿದ ಗುಡ್ಡೆ ತಗೋಬೇಕು. ಮೋಸ ಮಾಡಿದ್ರೆ ಅವನಿಗೇ ಮೋಸ. ನಮ್ಮ ಟೀಮಿನ ಆರ್ಕಿಟೆಕ್ಟ್ ಬೆರಗಾಗಿ ನಿಂತಿದ್ದ.

ಇಬ್ಬರು ಗೆಳೆಯರು ಮಾಂಸ ಮುಟ್ಟಲ್ಲ. ಅವರನ್ನ ಏನ್ ಮಾಡೋದು ಅಂತ ಕೇಳಿದ್ದಕ್ಕೆ ಅವ್ವ, “ಅದ್ಯಾಕ್ಲಾ ಅಷ್ಟ್ ಯೋಚ್ನೆ? ಅವರ್ಗೆ ಒಬ್ಬಟ್ಟಿನ ಸಾರೈತೆ, ಬ್ಯಾರೆ ಒಲೆ ಹಾಕ್ತೀನಿ. ಉಣ್ಣೋರ್ಗೆ ಕದ್ದು ಇಕ್ಕಬ್ಯಾಡ, ಉಣ್ದೋರ್ಗೆ ಬಲವಂತ ಮಾಡಬ್ಯಾಡ” ಅಂತು. ಅಷ್ಟೇ ರೀ, ಇದಕ್ಕಿಂತ ದೊಡ್ಡ ಸಿದ್ಧಾಂತ ನನಗೆ ಬೇಕಿಲ್ಲ. ಎರಡು ದಿನದ ಒಬ್ಬಟ್ಟಿನ ಸಾರು, ಕುದಿಸಿ ಕುದಿಸಿ ಇಳಿಸಿದ್ದು... ಅವರಿಬ್ಬರೂ ಮೂರು ಸಲ ಹಾಕಿಸ್ಕೊಂಡ್ರು.

ಊರಲ್ಲೆಲ್ಲ ಸರಿ ಇದೆ ಅಂತಲೂ ಅಲ್ಲ. ಎಲ್ಲರೂ ಉಂಡ ಮೇಲೆ ಉಳಿದಿದ್ದು ಹೆಂಗಸರಿಗೆ ಅನ್ನೋದೂ ನಮ್ಮ ಪದ್ಧತಿಯೇ. ಆವತ್ತು ಅದನ್ನ ಮುರಿದ್ವಿ. ನಾಗಮಂಗಲದ ಗೆಳೆಯ ಮುದ್ದೆ ತೊಳಸಿದ (ಅರ್ಧ ಗಂಟು ಗಂಟು), ನಾವು ಬಡಿಸಿದ್ವಿ, ಅವ್ವ ಚಿಕ್ಕಮ್ಮಂದಿರು ಮೊದಲನೇ ಪಂಕ್ತೀಲಿ ಕೂತ್ರು. ಅವ್ವನಿಗೆ ಸಂಕೋಚ. ಬೇಡ ಬೇಡ ಅಂತಲೇ ಎರಡು ಮೂಳೆ ಚೀಪ್ತು.

ವಾಪಸ್ ಬರ್ತಾ ಗೆಳೆಯ ಮೆಲ್ಲಗೆ, “ಮುಂದಿನ ಸಲ ನಮ್ಮೂರಿಗೆ ಬನ್ರೋ” ಅಂದ. ಆಫೀಸಲ್ಲಿ ಕೇಳಿದ್ರೆ ಏನಂತ ಹೇಳ್ತೀಯ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಡು ಅಂತೀನಿ ಬಿಡು” ಅಂದ.

ಪಾರ್ಟಿ ಮಾಡಿ, ಬೇಡ ಅನ್ನಲ್ಲ. ಆದ್ರೆ ಊರಿನ ಹೆಸರಲ್ಲಿ ಕರೆದ ಮೇಲೆ ಊರಲ್ಲಿ ಉಣ್ಣೋದನ್ನೇ ಬಡಿಸಿ. ನಿಮ್ಮ ಕಡೆ ಹಬ್ಬದ ಮಾರನೇ ದಿನ ಒಲೆ ಮೇಲೆ ಏನಿರುತ್ತೆ? ಮುಚ್ಚಿಡದೆ ಹೇಳಿ. ಬೈಯೋದಿದ್ರೂ ಬೈಯಿರಿ, ಓದ್ತೀನಿ :)